ಬಾಗಿಲು ತೆರೆದರೆ ಸಾಲದು, ಪಾಲು ಕೊಡಬೇಕು

"ನಮ್ಮಲ್ಲಿ ಭೇದಭಾವವಿಲ್ಲ, ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ" ಎಂದು ಹೇಳಿಕೊಳ್ಳದ ಧಾರ್ಮಿಕ ಸಂಸ್ಥೆಯನ್ನು ಇಂದು ಹುಡುಕಿದರೂ ಕಾಣುವುದು ಕಷ್ಟ. ಹೇಳುವವರ ಮನಸ್ಸಿನಲ್ಲಿ ಕಪಟವೂ ಇರುವುದಿಲ್ಲ. ಆದರೆ ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ಅಳೆಯುವುದು ಹೇಗೆ?

ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಾಲುವೆ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತೂಬಿನ ಬಳಿ ನಿಂತು ನೋಡಿ ಪ್ರಯೋಜನವಿಲ್ಲ. ಅಲ್ಲಿ ನೀರು ಭೋರ್ಗರೆಯುತ್ತಲೇ ಇರುತ್ತದೆ. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಹೋಗಿ, ಅಲ್ಲಿನ ರೈತನಿಗೆ ಎಷ್ಟು ನೀರು ತಲುಪಿತು ಎಂದು ಅಳೆಯಬೇಕು. ಧರ್ಮಸಂಸ್ಥೆಯ ಸಮಾನತೆಯನ್ನೂ ಹಾಗೆಯೇ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಪಂಕ್ತಿಯ ಕೊನೆಯಲ್ಲಿ ಕುಳಿತವನಿಗೆ ಅನ್ನ ಸಿಕ್ಕಿತೇ ಎಂಬುದು ಮೊದಲನೆಯ ಪ್ರಶ್ನೆ. ಅವನಿಗೆ ಆ ಸಂಸ್ಥೆಯಲ್ಲಿ ಮಾತನಾಡುವ, ಕೆಲಸ ಮಾಡುವ, ತೀರ್ಮಾನ ತೆಗೆದುಕೊಳ್ಳುವ ಅವಕಾಶವಿದೆಯೇ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎನ್ನುವ ಸಂಸ್ಥೆಗಳು ಬಹಳ. ಎರಡನೆಯದಕ್ಕೆ ಹೌದು ಎನ್ನುವವು ವಿರಳ.

ಅಂಥ ವಿರಳ ಸಂಸ್ಥೆಗಳಲ್ಲಿ ಒಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗ್ಲೈಡ್ ಮೆಮೋರಿಯಲ್ ಚರ್ಚು. ಆ ನಗರದ ಸುತ್ತಮುತ್ತ ಸಾವಿರಾರು ಕನ್ನಡದ ಕುಟುಂಬಗಳು ನೆಲೆಸಿವೆ. ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರು ಗೋಲ್ಡನ್ ಗೇಟ್ ಸೇತುವೆ ನೋಡಿ ಬರುತ್ತಾರೆ. ನಗರದ ನಡುಮಧ್ಯದ ಟೆಂಡರ್‌ಲಾಯ್ನ್ ಎಂಬ ಬಡಾವಣೆಯ ಕಡೆ ಮಾತ್ರ ಹೋಗಬೇಡಿ ಎಂದು ಮಕ್ಕಳು ಎಚ್ಚರಿಸುತ್ತಾರೆ. ಗ್ಲೈಡ್ ಇರುವುದು ಆ ಬಡಾವಣೆಯಲ್ಲೇ. ವಿಲ್ ಸ್ಮಿತ್ ನಟಿಸಿದ 2006ರ 'ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್' ಚಲನಚಿತ್ರವನ್ನು ನೋಡಿದವರಿಗೆ, ಮನೆಯಿಲ್ಲದ ತಂದೆ ತನ್ನ ಪುಟ್ಟ ಮಗನ ಕೈಹಿಡಿದು ರಾತ್ರಿ ತಂಗಲು ಸರದಿಯಲ್ಲಿ ನಿಲ್ಲುವ ದೃಶ್ಯ ನೆನಪಿರಬಹುದು. ಅದು ಕ್ರಿಸ್ ಗಾರ್ಡ್ನರ್ ಎಂಬುವರ ನಿಜ ಜೀವನದ ಕಥೆ. ಅವರಿಗೆ ಆಸರೆಯಾದ ಸ್ಥಳ ಗ್ಲೈಡ್. ಚಿತ್ರದಲ್ಲಿ ಕಾಣುವ ಪಾದ್ರಿಯೂ ನಟನಲ್ಲ, ಗ್ಲೈಡ್‌ನ ಸೆಸಿಲ್ ವಿಲಿಯಮ್ಸ್ ಅವರೇ.

ಮೆಥೋಡಿಸ್ಟ್ ಪರಂಪರೆ: ಬೆಳಕು ಮತ್ತು ನೆರಳು

ಮೆಥೋಡಿಸ್ಟ್ ಎಂದೊಡನೆ ನಮ್ಮವರಿಗೆ ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು, ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ನೆನಪಾಗುತ್ತವೆ. ಭಾರತದ ಮೆಥೋಡಿಸ್ಟ್ ಚರ್ಚು 1981ರಿಂದ ಸ್ವಾಯತ್ತವಾಗಿದೆ. ಆದ್ದರಿಂದ ಇಲ್ಲಿ ನಾನು ಹೇಳುವ ವಿವಾದಗಳು ಅದರವಲ್ಲ, ಅಮೆರಿಕದವು.

ಈ ಪಂಥದ ಮೂಲ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಚರ್ಚಿನೊಳಗೆ ಕಾಲಿಡಲು ಹಿಂಜರಿಯುತ್ತಿದ್ದ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕೂಲಿಗಳಿಗೆ ಜಾನ್ ವೆಸ್ಲಿ 1739ರಲ್ಲಿ ಬಯಲಿನಲ್ಲಿ ನಿಂತು ಬೋಧಿಸಿದರು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್ ಅವರಿಗೆ ಧೈರ್ಯ ತುಂಬಿ 1791ರಲ್ಲಿ, ತಾವು ತೀರಿಕೊಳ್ಳುವ ಕೆಲವೇ ದಿನಗಳ ಮೊದಲು, ಪತ್ರ ಬರೆದರು.

ಸ್ಥಾಪಕರ ಮಾತು ಹೀಗಿದ್ದರೂ ಸಂಸ್ಥೆ ಬೇರೆ ದಾರಿ ಹಿಡಿಯಿತು. ಫಿಲಡೆಲ್ಫಿಯಾದ ಮೆಥೋಡಿಸ್ಟ್ ಚರ್ಚೊಂದರಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ಕಪ್ಪು ಜನರನ್ನು ಎಬ್ಬಿಸಿ ಬೇರೆಡೆ ಕೂರಿಸಲು ಹೋದಾಗ ರಿಚರ್ಡ್ ಆಲೆನ್ ಮತ್ತು ಅವರ ಸಂಗಡಿಗರು ಹೊರನಡೆದರು. 1816ರಲ್ಲಿ ಅವರು ತಮ್ಮದೇ ಪ್ರತ್ಯೇಕ ಚರ್ಚನ್ನು ಕಟ್ಟಿದರು. 1844ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಮೆಥೋಡಿಸ್ಟ್ ಚರ್ಚು ಉತ್ತರ, ದಕ್ಷಿಣ ಎಂದು ಒಡೆಯಿತು. 1939ರಲ್ಲಿ ಮತ್ತೆ ಒಂದಾದಾಗ ಮಾಡಿಕೊಂಡ ಒಪ್ಪಂದವನ್ನು ಗಮನಿಸಿ: ಬಿಳಿಯರ ಸಭೆಗಳನ್ನು ಪ್ರದೇಶವಾರು ವಿಂಗಡಿಸಿದರು, ಕಪ್ಪು ಜನರ ಸಭೆಗಳನ್ನು ಮಾತ್ರ ಅವು ಯಾವ ಊರಿನಲ್ಲೇ ಇರಲಿ ಬಣ್ಣದ ಆಧಾರದ ಮೇಲೆ 'ಸೆಂಟ್ರಲ್ ಜೂರಿಸ್ಡಿಕ್ಷನ್' ಎಂಬ ಒಂದು ಪ್ರತ್ಯೇಕ ವಿಭಾಗಕ್ಕೆ ಸೇರಿಸಿದರು. 1968ರವರೆಗೂ ಆ ವ್ಯವಸ್ಥೆ ಉಳಿಯಿತು. ದೇವರ ಮುಂದೆ ಎಲ್ಲರೂ ಸಮಾನರು ಎಂದು ಪ್ರತಿ ಭಾನುವಾರ ಬೋಧಿಸುತ್ತಲೇ ಆಡಳಿತದ ನಕ್ಷೆಯಲ್ಲಿ ಗೋಡೆ ಎಬ್ಬಿಸಿಕೊಂಡ ಸಂಸ್ಥೆ ಅದು. ಇಂಥ ಗೋಡೆಗಳು ಯಾವ ಯಾವ ಧರ್ಮದಲ್ಲಿವೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ.

ಹಣವಿತ್ತು, ಜನರಿರಲಿಲ್ಲ

ಜಾನುವಾರು ಸಾಕಣೆಯಿಂದ ಸಂಪತ್ತು ಗಳಿಸಿದ್ದ ಜೋಸೆಫ್ ಗ್ಲೈಡ್ ಅವರ ಪತ್ನಿ ಲಿಜ್ಜಿ ಗ್ಲೈಡ್ ದೈವಭಕ್ತೆ, ದಾನಿ. ದುಡಿಯುವ ಹೆಣ್ಣುಮಕ್ಕಳಿಗಾಗಿ ವಸತಿಗೃಹ ಕಟ್ಟಿಸಿದ್ದರು. ಪತಿಯ ನೆನಪಿಗಾಗಿ 1929ರಲ್ಲಿ ಟ್ರಸ್ಟ್ ಒಂದನ್ನು ಮಾಡಿ, ಎಲಿಸ್ ಮತ್ತು ಟೇಲರ್ ರಸ್ತೆಗಳು ಕೂಡುವಲ್ಲಿ ಚರ್ಚು ಕಟ್ಟಿಸಿದರು. 1931ರಲ್ಲಿ ಕಟ್ಟಡ ಮುಗಿಯಿತು.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಮಧ್ಯಮ ವರ್ಗದ ಬಿಳಿ ಕುಟುಂಬಗಳು ಉಪನಗರಗಳಿಗೆ ಹೋಗಿಬಿಟ್ಟಿದ್ದವು. ಸುತ್ತಲಿನ ಅಗ್ಗದ ಒಂಟಿಕೋಣೆ ಹೋಟೆಲುಗಳಲ್ಲಿ ವೃದ್ಧರು, ಕೂಲಿಗಳು, ಕುಡಿತಕ್ಕೆ ಬಿದ್ದವರು, ಮನೆಯಿಂದ ಹೊರದೂಡಲ್ಪಟ್ಟ ಯುವಕರು ತುಂಬಿದ್ದರು. ಟ್ರಸ್ಟಿನ ಬಳಿ ಹಣವಿತ್ತು. ಭಾನುವಾರ ಬರುವ ಜನ ಮಾತ್ರ ಬೆರಳೆಣಿಕೆಯಷ್ಟು. ಬಾಗಿಲು ಆಗಲೂ ತೆರೆದೇ ಇತ್ತು, ಹೊರಗಿನವರು ಒಳಗೆ ಬರುತ್ತಿರಲಿಲ್ಲ ಅಷ್ಟೆ. ಅದು ತಮ್ಮ ಜಾಗವೆಂದು ಅವರಿಗೆ ಅನ್ನಿಸಿರಲಿಲ್ಲ.

1963ರಲ್ಲಿ ಸೆಸಿಲ್ ವಿಲಿಯಮ್ಸ್ ಇಲ್ಲಿಗೆ ಬಂದರು. 1929ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಜೆಲೊದಲ್ಲಿ ಹುಟ್ಟಿದ ಇವರು ಪರ್ಕಿನ್ಸ್ ಧರ್ಮಶಾಸ್ತ್ರ ಶಾಲೆಯಿಂದ 1955ರಲ್ಲಿ ಪದವಿ ಪಡೆದ ಮೊದಲ ಐವರು ಕಪ್ಪು ವಿದ್ಯಾರ್ಥಿಗಳಲ್ಲಿ ಒಬ್ಬರು. ಸ್ವಂತ ಪಂಥವೇ ತನ್ನವರನ್ನು ಪ್ರತ್ಯೇಕ ಪಟ್ಟಿಯಲ್ಲಿಟ್ಟಿದ್ದ ಕಾಲದಲ್ಲಿ ಪಾದ್ರಿಯಾದವರು. 1967ರಲ್ಲಿ ಅವರು ವೇದಿಕೆಯ ಹಿಂದಿದ್ದ ಶಿಲುಬೆಯನ್ನು ಇಳಿಸಿಬಿಟ್ಟರು. ಶಿಲುಬೆ ಸಾವಿನ ಗುರುತು, ನಾವು ಬದುಕಿರುವವರ ಕಡೆ ನೋಡಬೇಕು ಎಂಬುದು ಅವರ ನಿಲುವು. ಹಳೆಯ ಸದಸ್ಯರು ನೊಂದುಕೊಂಡರು. ಸ್ಥಾವರ, ಜಂಗಮಗಳ ವಿಚಾರ ಬಲ್ಲ ನಮ್ಮ ಓದುಗರಿಗೆ ಈ ನಡೆ ತೀರ ಅಪರಿಚಿತ ಎನಿಸಲಾರದು. ಆದರೆ ಕುರುಹನ್ನು ತೆಗೆದದ್ದೇ ದೊಡ್ಡ ಸುಧಾರಣೆ ಎಂದು ನಾನು ಭಾವಿಸುವುದಿಲ್ಲ. ತೆರವಾದ ಜಾಗಕ್ಕೆ ಯಾರು ಬಂದರು ಎಂಬುದೇ ಮುಖ್ಯ.

ಯಾರೂ ಬೇಡವೆಂದವರ ಪಕ್ಕದಲ್ಲಿ

ಬಂದವರಲ್ಲಿ ಮೊದಲಿಗರು ಸಲಿಂಗಿಗಳು. ಅಂದು ಅವರನ್ನು ಕಾನೂನು ಅಪರಾಧಿಗಳೆಂದೂ ವೈದ್ಯಶಾಸ್ತ್ರ ರೋಗಿಗಳೆಂದೂ ಚರ್ಚು ಪಾಪಿಗಳೆಂದೂ ಕರೆಯುತ್ತಿತ್ತು. 1964ರಲ್ಲಿ ಗ್ಲೈಡ್‌ನ ಪಾದ್ರಿ ಟೆಡ್ ಮ್ಯಾಕಿಲ್ವೆನ್ನಾ ಮುಂದಾಗಿ ಪಾದ್ರಿಗಳು ಮತ್ತು ಸಲಿಂಗಿಗಳನ್ನು ಒಂದೆಡೆ ಕೂರಿಸಿ ಮಾತುಕತೆ ನಡೆಸಿದರು. ಅದರ ಫಲವಾಗಿ ಎರಡೂ ಕಡೆಯವರು ಸೇರಿದ ಒಂದು ಸಮಿತಿ ಹುಟ್ಟಿತು. ಆ ಸಮಿತಿಯ ಸಹಾಯಾರ್ಥ 1965ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯಾ ಹಾಲ್‌ನಲ್ಲಿ ಕೂಟ ಏರ್ಪಟ್ಟಾಗ ಪೊಲೀಸರು ಬಾಗಿಲಲ್ಲಿ ನಿಂತು ಬಂದವರೆಲ್ಲರ ಫೋಟೊ ತೆಗೆದರು, ತಡೆಯಲು ಹೋದ ವಕೀಲರನ್ನು ಬಂಧಿಸಿದರು. ಪಾದ್ರಿಗಳು ಕೂಡಲೇ ಪತ್ರಿಕಾಗೋಷ್ಠಿ ಕರೆದು ಪೊಲೀಸರನ್ನು ಬಹಿರಂಗವಾಗಿ ಖಂಡಿಸಿದರು. ಮೊಕದ್ದಮೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಧಾರ್ಮಿಕ ಸಂಸ್ಥೆಯೊಂದು ತನ್ನ ಮರ್ಯಾದೆಯನ್ನೇ ಪಣಕ್ಕಿಟ್ಟು ಮರ್ಯಾದೆ ಕಳೆದುಕೊಂಡವರ ಪಕ್ಕದಲ್ಲಿ ನಿಂತ ಘಟನೆ ಇದು. ಊಟ ಹಾಕುವುದಕ್ಕಿಂತ ಇದು ಕಷ್ಟದ ಕೆಲಸ. ಊಟ ಹಾಕಿದರೆ ಊರು ಹೊಗಳುತ್ತದೆ, ಪಕ್ಕದಲ್ಲಿ ನಿಂತರೆ ಊರೇ ತಿರುಗಿಬೀಳುತ್ತದೆ.

1966ರಲ್ಲಿ ಗ್ಲೈಡ್‌ನ ನೆರವಿನಿಂದ ಬೀದಿಯ ಯುವಕರು 'ವ್ಯಾನ್‌ಗಾರ್ಡ್' ಎಂಬ ಸಂಘ ಕಟ್ಟಿಕೊಂಡರು. ಪೊಲೀಸರು ಆಗಾಗ ದಾಳಿ ಮಾಡಿ ರಸ್ತೆಯಿಂದ ಈ ಹುಡುಗರನ್ನು ಕಸದಂತೆ ಗುಡಿಸಿಹಾಕುತ್ತಿದ್ದರು. ಇದಕ್ಕೆ ಪ್ರತಿಯಾಗಿ ಆ ಯುವಕರು ಪೊರಕೆ ಹಿಡಿದು ಬಂದು ಮಾರ್ಕೆಟ್ ಸ್ಟ್ರೀಟನ್ನು ತಾವೇ ಗುಡಿಸಿದರು! ಅದೇ ವರ್ಷದ ಆಗಸ್ಟ್‌ನಲ್ಲಿ ಚರ್ಚಿನ ಸಮೀಪದ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಪೊಲೀಸರ ಕಿರುಕುಳದ ವಿರುದ್ಧ ತಿರುಗಿಬಿದ್ದರು. ನ್ಯೂಯಾರ್ಕಿನ ಪ್ರಸಿದ್ಧ ಸ್ಟೋನ್‌ವಾಲ್ ಪ್ರತಿಭಟನೆಗಿಂತ ಮೂರು ವರ್ಷ ಮೊದಲು ನಡೆದ ಸಂಗತಿ ಇದು. ಪೊರಕೆ ಹಿಡಿದ ಆ ಹುಡುಗರಿಗೆ ಚರ್ಚು ಉಪದೇಶ ಮಾಡಲಿಲ್ಲ. ಸಭೆ ಸೇರಲು ಜಾಗ ಕೊಟ್ಟಿತು.

ಅನ್ನದಿಂದ ಆಡಳಿತದವರೆಗೆ

ಊಟದ ದಾಸೋಹ ಆರಂಭವಾದದ್ದು 1960ರ ದಶಕದ ಕೊನೆಯಲ್ಲಿ. ಮುಂದೆ ಅದು ದಿನಕ್ಕೆ ಮೂರು ಹೊತ್ತಿನ ಊಟವಾಗಿ ಬೆಳೆಯಿತು. ಹೆಸರು ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ, ಪ್ರಾರ್ಥನೆಗೆ ಕೂರಬೇಕೆಂಬ ಷರತ್ತಿಲ್ಲ. ನಗರದ ದೊಡ್ಡ ಕಂಪನಿಗಳ ನೌಕರರು, ಶಾಲಾ ಮಕ್ಕಳು ಬಂದು ಬಡಿಸುತ್ತಾರೆ. ಮನೆ ಇರುವವನೂ ಇಲ್ಲದವನೂ ಪರಸ್ಪರ ಮುಖ ನೋಡುವ ಕೆಲವೇ ಸ್ಥಳಗಳಲ್ಲಿ ಇದೂ ಒಂದು.

1980ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತು ಬಡ ಕಪ್ಪು ಜನರ ಕೇರಿಗಳನ್ನು ಹಾಳುಗೆಡವಿತು. ಚಟಕ್ಕೆ ಬಿದ್ದವರನ್ನು ಜೈಲಿಗೆ ಕಳಿಸುವುದೊಂದೇ ಸರ್ಕಾರಕ್ಕೆ ಗೊತ್ತಿದ್ದ ಉಪಾಯ. ಗ್ಲೈಡ್ ಅವರನ್ನು ವೃತ್ತಾಕಾರವಾಗಿ ಕೂರಿಸಿ ತಮ್ಮ ಬದುಕಿನ ನಿಜವನ್ನು ಗಟ್ಟಿಯಾಗಿ ಹೇಳಿಕೊಳ್ಳುವ ಗುಂಪುಗಳನ್ನು ಮಾಡಿತು. ಚಟ ಬಿಟ್ಟವರು ಮುಂದೆ ಹೊಸದಾಗಿ ಬಂದವರಿಗೆ ಮಾರ್ಗದರ್ಶಿಗಳಾದರು. ಸರದಿಯಲ್ಲಿ ನಿಂತು ಊಟ ಪಡೆದವರಲ್ಲಿ ಹಲವರು ಅಲ್ಲಿಯೇ ಸಂಬಳದ ಕೆಲಸಕ್ಕೆ ಸೇರಿದರು. ನನ್ನ ದೃಷ್ಟಿಯಲ್ಲಿ ಗ್ಲೈಡ್‌ನ ನಿಜವಾದ ಸಾಧನೆ ಇದು. ಬಡಿಸಿದ ತಟ್ಟೆಗಳ ಲೆಕ್ಕವನ್ನು ಯಾವ ಸಂಸ್ಥೆಯಾದರೂ ಇಡಬಹುದು. ತಟ್ಟೆ ಹಿಡಿದವರಲ್ಲಿ ಎಷ್ಟು ಮಂದಿ ಸೌಟು ಹಿಡಿದರು, ಎಷ್ಟು ಮಂದಿ ಕಚೇರಿಯ ಕುರ್ಚಿಯಲ್ಲಿ ಕುಳಿತರು ಎಂಬ ಲೆಕ್ಕವನ್ನು ಇಡುವವರು ಕಡಿಮೆ.

ಇದರ ಹಿಂದಿನ ಶಕ್ತಿ ಜಾನಿಸ್ ಮಿರಿಕಿಟಾನಿ ಎಂಬ ಮಹಿಳೆ. ಜಪಾನಿ ಮೂಲದ ಇವರು 1941ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ತನ್ನದೇ ಪ್ರಜೆಗಳಾದ ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ತಳ್ಳಿದಾಗ ಈ ಹಸುಗೂಸೂ ಕುಟುಂಬದೊಂದಿಗೆ ಅರ್ಕಾನ್ಸಾದ ರೋವರ್ ಶಿಬಿರ ಸೇರಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯವನ್ನೂ ಅನುಭವಿಸಿದ ಇವರು ಗ್ಲೈಡ್‌ಗೆ ಕಚೇರಿ ಸಹಾಯಕಿಯಾಗಿ ಬಂದು, ಕಾರ್ಯಕ್ರಮಗಳ ನಿರ್ದೇಶಕಿಯಾಗಿ, ಕೊನೆಗೆ ಪ್ರತಿಷ್ಠಾನದ ಅಧ್ಯಕ್ಷೆಯಾದರು. ನೊಂದ ಹೆಂಗಸರ ಗುಂಪುಗಳನ್ನು ಕಟ್ಟಿದರು. 2000ದಲ್ಲಿ ನಗರದ ರಾಷ್ಟ್ರಕವಿಯಂಥ ಗೌರವ ಇವರಿಗೆ ದೊರೆಯಿತು. ವಿಲಿಯಮ್ಸ್ ಅವರ ಬಾಳಸಂಗಾತಿಯೂ ಆಗಿದ್ದ ಇವರು 2021ರಲ್ಲಿ ನಿಧನರಾದರು. ಭಾನುವಾರದ ಪ್ರವಚನ ವಿಲಿಯಮ್ಸ್ ಅವರದಾದರೆ, ವಾರದ ಉಳಿದ ಆರು ದಿನದ ಕಾಯಕವನ್ನು ರೂಪಿಸಿದವರು ಮಿರಿಕಿಟಾನಿ.

ಸರದಿ ಏಕೆ ಕರಗಲಿಲ್ಲ?

ಒಂದು ಕಟುವಾದ ಪ್ರಶ್ನೆಯನ್ನು ಎದುರಿಸಲೇಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಊಟ ಹಾಕಿದರೂ ಟೆಂಡರ್‌ಲಾಯ್ನ್‌ನ ಸರದಿ ಕರಗಿಲ್ಲ. 2021ರ ಡಿಸೆಂಬರ್‌ನಲ್ಲಿ ಮೇಯರ್ ಆ ಬಡಾವಣೆಯಲ್ಲಿ ತುರ್ತುಪರಿಸ್ಥಿತಿಯನ್ನೇ ಘೋಷಿಸಿದರು. 2023ರಲ್ಲಿ ನಗರದಲ್ಲಿ 800ಕ್ಕೂ ಹೆಚ್ಚು ಜನ ಮಾದಕವಸ್ತು ಅತಿಯಾಗಿ ಸತ್ತರು. ಪುಕ್ಕಟೆ ಊಟವೇ ಇಂಥವರನ್ನು ಅಲ್ಲಿಗೆ ಸೆಳೆಯುತ್ತದೆ ಎಂದು ಅಂಗಡಿಯವರು, ನೆರೆಯವರು ದೂರುತ್ತಾರೆ. ಗ್ಲೈಡ್ ಶುದ್ಧ ಸೂಜಿಗಳನ್ನೂ, ಸಾಯುತ್ತಿರುವವನನ್ನು ಉಳಿಸುವ ನಾಲೊಕ್ಸೋನ್ ಔಷಧವನ್ನೂ ಹಂಚುತ್ತದೆ. ಇದು ಚಟಕ್ಕೆ ಕುಮ್ಮಕ್ಕು ಎಂಬ ಟೀಕೆಯಿದೆ. ಈ ಟೀಕೆಯನ್ನು ತಳ್ಳಿಹಾಕಲಾರೆ. ಮಕ್ಕಳನ್ನು ಕರೆದುಕೊಂಡು ಅದೇ ರಸ್ತೆಯಲ್ಲಿ ಶಾಲೆಗೆ ಹೋಗುವ ತಾಯಿಯ ಭಯವೂ ನಿಜ. ಆದರೆ ಸತ್ತವನು ಚಟ ಬಿಡಲಾರ. ಮೊದಲು ಬದುಕಿಸಿ ಆಮೇಲೆ ಬುದ್ಧಿ ಹೇಳುವ ಕ್ರಮವೇ ಸರಿ ಎಂದು ನನಗನ್ನಿಸುತ್ತದೆ.

ಸರದಿಯ ಕಾರಣವನ್ನು ಅಡುಗೆಮನೆಯಲ್ಲಿ ಹುಡುಕುವುದು ತಪ್ಪು. ಎಂಜಿನಿಯರುಗಳು ಇದನ್ನು ಗಮನವಿಟ್ಟು ಓದಬೇಕು. 1950ರಿಂದ 1970ರ ದಶಕಗಳಲ್ಲಿ 'ನಗರ ಪುನರಭಿವೃದ್ಧಿ' ಎಂಬ ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಭಾಗದ ಕಪ್ಪು ಜನರ ಮನೆಗಳನ್ನೂ, ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕಿದ್ದ ಅಗ್ಗದ ಹೋಟೆಲುಗಳನ್ನೂ ಕೆಡವಲಾಯಿತು. ಸಾವಿರಾರು ಮಂದಿ ನೆಲೆ ಕಳೆದುಕೊಂಡರು. ನಕ್ಷೆ ಬರೆದವರು ನನ್ನಂಥ ವೃತ್ತಿಯವರೇ. ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಂದ ರೋಗಿಗಳನ್ನು ಹೊರಕಳಿಸಲಾಯಿತು, ಊರೊಳಗೆ ಅವರಿಗೆ ಬೇಕಾದ ಚಿಕಿತ್ಸಾ ವ್ಯವಸ್ಥೆ ಮಾತ್ರ ಸಾಕಷ್ಟು ಬರಲಿಲ್ಲ. ಬಾಡಿಗೆ ಆಕಾಶಕ್ಕೇರಿತು. ಮೇಲಿನಿಂದ ಇಷ್ಟು ನೀರು ನುಗ್ಗುವಾಗ ಕೆಳಗೆ ಒಬ್ಬ ಬಕೆಟ್ ಹಿಡಿದು ನಿಂತಿದ್ದಾನೆ. ನೆಲ ಒಣಗಲಿಲ್ಲವೆಂದು ಅವನನ್ನೇ ಬೈಯುವುದು ನ್ಯಾಯವಲ್ಲ.

ಗ್ಲೈಡ್ ಇದನ್ನು ಅರಿತಿದ್ದರಿಂದಲೇ ಅಡುಗೆಮನೆಗೆ ನಿಲ್ಲಲಿಲ್ಲ. 1999ರಲ್ಲಿ ಪಕ್ಕದಲ್ಲೇ 52 ಮನೆಗಳ ವಸತಿ ಕಟ್ಟಡ ತೆರೆಯಿತು. ಮಕ್ಕಳ ಪಾಲನಾ ಕೇಂದ್ರ, ಎಚ್‌ಐವಿ ತಪಾಸಣೆ ನಡೆಸಿತು. ಬಾಡಿಗೆದಾರರ, ಬಡವರ ಪರವಾಗಿ ನಗರ ಸಭೆಯ ಮುಂದೆ ವಾದಿಸಿತು. ಅಗತ್ಯದ ಮುಂದೆ 52 ಮನೆ ಅಲ್ಪವೇ. ಆದರೂ ದಾನದಿಂದ ನ್ಯಾಯದ ಕಡೆಗೆ ಇಟ್ಟ ಹೆಜ್ಜೆ ಅದು.

ಹಣದ ಬಗ್ಗೆಯೂ ಒಂದು ಮಾತು. ಸ್ವಯಂಸೇವಕಿಯಾಗಿದ್ದ ಪತ್ನಿ ಸೂಸನ್ ಮೂಲಕ ಗ್ಲೈಡ್‌ನ ಪರಿಚಯವಾದ ಶ್ರೀಮಂತ ವಾರೆನ್ ಬಫೆಟ್, ತಮ್ಮೊಂದಿಗೆ ಊಟ ಮಾಡುವ ಅವಕಾಶವನ್ನು 2000ದಿಂದ ಹರಾಜಿಗಿಟ್ಟು ಬಂದ ಹಣವನ್ನೆಲ್ಲ ಗ್ಲೈಡ್‌ಗೆ ಕೊಟ್ಟರು. 2022ರ ಒಂದು ಹರಾಜಿನಲ್ಲೇ 1.9 ಕೋಟಿ ಡಾಲರ್, ಅಲ್ಲಿಯವರೆಗೆ ಒಟ್ಟು 5.3 ಕೋಟಿ ಡಾಲರ್ ಬಂತು. ಒಬ್ಬರ ಜೊತೆ ಊಟ ಮಾಡಲು ಕೋಟಿಗಟ್ಟಲೆ ಕೊಡುವವರಿರುವ ದೇಶದಲ್ಲೇ ಒಂದು ಹೊತ್ತಿನ ಊಟಕ್ಕೆ ಸಾವಿರಾರು ಜನ ಸರದಿಯಲ್ಲಿದ್ದಾರೆ ಎಂಬುದು ವಿಪರ್ಯಾಸ. ದಾನಿಯ ಔದಾರ್ಯ ದೊಡ್ಡದು. ಆದರೆ ಇಂಥ ಒಂದೇ ಮೂಲವನ್ನು ಹೆಚ್ಚು ನೆಚ್ಚಿದ ಸಂಸ್ಥೆ, ಒಂದೇ ಮಳೆಯನ್ನು ನೆಚ್ಚಿದ ಕೆರೆಯಂತೆ.

ಪಂಥದೊಂದಿಗೆ ಜಗಳ

ಸಲಿಂಗಿಗಳ ಬದುಕು ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು ಯುನೈಟೆಡ್ ಮೆಥೋಡಿಸ್ಟ್ ಚರ್ಚು 1972ರಲ್ಲಿ ತನ್ನ ನಿಯಮಗ್ರಂಥಕ್ಕೆ ಸೇರಿಸಿತು. ಗ್ಲೈಡ್ ಆ ನಿಯಮದ ಕೆಳಗಿದ್ದೇ ಅದನ್ನು ಪಾಲಿಸದೆ ನಡೆಯಿತು. ಆದರೆ 2018ರಲ್ಲಿ ಭುಗಿಲೆದ್ದ ಜಗಳ ಬೇರೆಯದು. ಗ್ಲೈಡ್‌ನ ಭಾನುವಾರದ ಸಭೆ ಸಂಗೀತ ಕಛೇರಿಯಂತಾಗಿದೆ, ದೀಕ್ಷಾಸ್ನಾನ, ಪ್ರಭುಭೋಜನದಂಥ ಆರಾಧನೆಯ ಮೂಲ ಅಂಶಗಳೇ ಇಲ್ಲ ಎಂದು ಬಿಷಪ್ ಆಕ್ಷೇಪಿಸಿದರು. 1929ರ ಟ್ರಸ್ಟಿನ ಆಸ್ತಿ ಯಾರದು ಎಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 2020ರಲ್ಲಿ ರಾಜಿಯಾಗಿ, ಗ್ಲೈಡ್ ಕಟ್ಟಡವನ್ನು ಉಳಿಸಿಕೊಂಡು ಪಂಥದಿಂದ ಹೊರಬಂತು.

ಬಿಷಪ್ ಅವರ ಪ್ರಶ್ನೆ ಅಲಕ್ಷಿಸುವಂಥದ್ದಲ್ಲ. ಆರಾಧನೆ ಪೂರ್ತಿ ಕರಗಿಹೋದರೆ ಉಳಿಯುವುದು ಸೇವಾಸಂಸ್ಥೆ, ಅದಕ್ಕೆ ಚರ್ಚೆಂಬ ಹೆಸರೇಕೆ? ಆದರೆ ಎದುರು ಪ್ರಶ್ನೆಯೂ ಇದೆ: ಆಚರಣೆಗಳೆಲ್ಲ ಕ್ರಮಬದ್ಧವಾಗಿದ್ದು ಹೊಸ್ತಿಲಲ್ಲಿ ಮಲಗಿದವನು ಒಳಗೆ ಬರಲಾರದಿದ್ದರೆ ಅದನ್ನು ಚರ್ಚೆನ್ನುವುದು ಹೇಗೆ? ಎರಡರಲ್ಲಿ ಎರಡನೆಯ ದೋಷವೇ ದೊಡ್ಡದೆಂದು ನಾನು ತಿಳಿದಿದ್ದೇನೆ.

ಗ್ಲೈಡ್ ಹೊರಹೋದ ಮೇಲೆ ಪಂಥವೇ ಅದರ ದಾರಿಗೆ ಬಂದದ್ದು ಸೋಜಿಗ. 2019ರ ವಿಶೇಷ ಅಧಿವೇಶನ 438-384 ಮತಗಳಿಂದ ನಿಷೇಧವನ್ನು ಬಿಗಿಗೊಳಿಸಿತ್ತು. ಆದರೂ ಮುಂದಿನ ವರ್ಷಗಳಲ್ಲಿ ಅಮೆರಿಕದ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಸಭೆಗಳು, ಬಹುಪಾಲು ಸಂಪ್ರದಾಯವಾದಿಗಳು, ಪಂಥ ಬಿಟ್ಟುಹೋದವು. 2024ರಲ್ಲಿ ಷಾರ್ಲೆಟ್ ನಗರದ ಅಧಿವೇಶನ ಸಲಿಂಗಿಗಳು ಪಾದ್ರಿಗಳಾಗುವುದರ ಮೇಲಿನ ನಿಷೇಧವನ್ನು 692-51 ಮತಗಳಿಂದ ಕಿತ್ತುಹಾಕಿತು, 1972ರ ಮಾತನ್ನೂ ಅಳಿಸಿತು. ಒಂದು ವಾಕ್ಯವನ್ನು ತೆಗೆಯಲು 52 ವರ್ಷ ಬೇಕಾಯಿತು. ಅದೇ ವರ್ಷದ ಏಪ್ರಿಲ್ 22ರಂದು, ಆ ಅಧಿವೇಶನ ಆರಂಭವಾಗುವ ಮುನ್ನಾದಿನ, ಸೆಸಿಲ್ ವಿಲಿಯಮ್ಸ್ ತಮ್ಮ 94ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರೆಂದು ನಮ್ಮ ಭಾಷೆಯಲ್ಲಿ ಹೇಳಬಹುದು.

ಗ್ಲೈಡ್‌ನ ಮುಂದೆ ಈಗಿರುವ ಪರೀಕ್ಷೆ ಬೇರೆಯದು. ಅರುವತ್ತು ವರ್ಷ ಇಬ್ಬರು ವ್ಯಕ್ತಿಗಳ ಹೆಗಲ ಮೇಲೆ ನಿಂತ ಸಂಸ್ಥೆ ಅವರಿಲ್ಲದೆ ನಿಲ್ಲಬೇಕಾಗಿದೆ. ಸರದಿಯಿಂದ ಬಂದವರಿಗೆ ಕೊಟ್ಟ ಪಾಲು ಎಷ್ಟು ಗಟ್ಟಿಯಾಗಿತ್ತು ಎಂಬುದು ಈಗ ತಿಳಿಯುತ್ತದೆ. ಯಾವ ಸೇವಾಸಂಸ್ಥೆ ನಡೆಸುವವರಾದರೂ ಈ ವರ್ಷದ ಲೆಕ್ಕಪತ್ರದ ಕೊನೆಗೆ ಮೂರು ಸಾಲು ಸೇರಿಸಿ ನೋಡಲಿ. ನಮ್ಮಲ್ಲಿ ಉಂಡವರಲ್ಲಿ ಎಷ್ಟು ಮಂದಿ ನಮ್ಮಲ್ಲೇ ಸಂಬಳಕ್ಕಿದ್ದಾರೆ? ನಮ್ಮ ಆಡಳಿತ ಮಂಡಳಿಯಲ್ಲಿ ಅವರು ಎಷ್ಟು ಮಂದಿ? ಊರು ಬೇಡವೆಂದ ಯಾರ ಪರವಾಗಿ ನಾವು ಈ ವರ್ಷ ಬಹಿರಂಗವಾಗಿ ನಿಂತೆವು? ಸೊನ್ನೆ ಬಂದರೆ ಸೊನ್ನೆಯನ್ನೇ ಬರೆಯಲಿ. ಕಾಲುವೆಯ ಕೊನೆಯ ಅಳತೆಪಟ್ಟಿಯಲ್ಲಿ ಸೊನ್ನೆ ಕಂಡಾಗಲೇ ದುರಸ್ತಿಯ ಕೆಲಸ ಶುರುವಾಗುವುದು.